ಹೆಬ್ಬೆರಳಿನಿಂದ ದೂಡಿದ ವಾಗ್ದಾನ

ದೇವರ ಹೆಸರು ಹೇಳಿ ನಾನು ಒಬ್ಬ ಹೆಂಗಸಿನ ಹಾಡು ನಿಲ್ಲಿಸಿದ್ದೇನೆ. ಒಂದು ದಿನಕ್ಕಲ್ಲ, ಪೂರ್ತಿ ಒಂದು ವರ್ಷಕ್ಕೆ. ಅದಕ್ಕಾಗಿ ಜಗಳ ಮಾಡಲಿಲ್ಲ, ಚಾಡಿ ಹೇಳಲಿಲ್ಲ, ಪಾಸ್ಟರರ ಕಿವಿ ಊದಲಿಲ್ಲ — ನನ್ನ ಬಲಗೈ ಹೆಬ್ಬೆರಳೊಂದೇ ಸಾಕಾಯಿತು. ಹನ್ನೊಂದು ವರ್ಷದಿಂದ ಈ ಬೆರಳನ್ನು ನೋಡುತ್ತಿದ್ದೇನೆ. ನೋಡುವುದಕ್ಕೆ ಎಲ್ಲರ ಬೆರಳಿನ ಹಾಗೆಯೇ ಇದೆ.

ನನ್ನ ಹೆಸರು ಸುಶೀಲಾ. ಹೆಸರು ನಮ್ಮಪ್ಪ ಇಟ್ಟದ್ದು, ನಾನು ಗಳಿಸಿದ್ದಲ್ಲ. ಟಿಳಕವಾಡಿಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದೆ. ಈಗ ನಿವೃತ್ತಿಯಾಗಿ ಅನಗೋಳದ ಮನೆಯಲ್ಲಿದ್ದೇನೆ. ನಮ್ಮ ಓಣಿಯ ಕೊನೆಗೆ ತಗಡಿನ ಮಾಡಿನ ಚಿಕ್ಕ ಪ್ರಾರ್ಥನಾಲಯವಿದೆ. ಅಲ್ಲಿ ಭಾನುವಾರ ಆರಾಧನೆಗೆ ಕೂಡುವ ಕ್ರೈಸ್ತ ಕುಟುಂಬಗಳೇ ನಮ್ಮ ಸಭೆ — ಮಕ್ಕಳು ಮರಿ ಸೇರಿ ನೂರು ಜನ ಆದೇವು. ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಸಭೆಯಲ್ಲಿ ನನಗೊಂದು ಸೇವೆ ಸಿಕ್ಕಿದೆ. ಹೊಸವರ್ಷದ ಬೆಳಗಿನ ಆರಾಧನೆಗೆ ವಾಗ್ದಾನದ ಚೀಟಿ ಬರೆಯುವುದು.

ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಡ್ರಾಯಿಂಗ್ ಹಾಳೆಯನ್ನು ಬೆರಳುದ್ದ ಕತ್ತರಿಸಿ, ಒಂದೊಂದರ ಮೇಲೆ ಸತ್ಯವೇದದ ಒಂದೊಂದು ಮಾತು ಬರೆದು, ಸ್ಟೀಲ್ ತಟ್ಟೆಯಲ್ಲಿ ಬೋರಲು ಹರಡಿ, ಸಾಲು ಸಾಲಾಗಿ ಎಲ್ಲರ ಮುಂದೆ ಹಿಡಿಯುತ್ತೇವೆ. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಂದದ್ದು ಆ ವರ್ಷಕ್ಕೆ ದೇವರು ನಿಮಗೊಬ್ಬರಿಗೇ ಹೇಳಿದ ಮಾತು. ಬದಲಾಯಿಸುವಂತಿಲ್ಲ, ಮತ್ತೊಂದು ಎತ್ತುವಂತಿಲ್ಲ. ಒಮ್ಮೆ ಅರವತ್ತೆರಡು ವರ್ಷದ ಹಿರಿಯರೊಬ್ಬರಿಗೆ, ಮಕ್ಕಳಿಲ್ಲದವಳು ಹಡೆಯುವಳು ಎಂಬರ್ಥದ ಮಾತು ಬಂತು. ಅವರ ಹೆಂಡತಿ ಒಂದು ವಾರ ಅವರ ಜೊತೆಗೂ ಮಾತಾಡಲಿಲ್ಲ, ನನ್ನ ಜೊತೆಗೂ ಮಾತಾಡಲಿಲ್ಲ. “ಮಾತು ದೇವರದು, ಅಕ್ಷರ ಅಷ್ಟ ನಂದು” ಎಂದು ನಾನು ಹೇಳಿಕಳಿಸಿದೆ. ಆಗ ಅದು ನಿಜವೂ ಆಗಿತ್ತು.

ಬಹಳ ಜನ ಚೀಟಿಯನ್ನು ಪುಸ್ತಕದಲ್ಲಿಟ್ಟು ಫೆಬ್ರುವರಿಯೊಳಗೆ ಮರೆಯುತ್ತಾರೆ. ನಾನೂ ಅವರ ಪೈಕಿ. ರೂತಕ್ಕ ಮಾತ್ರ ಮರೆಯುತ್ತಿರಲಿಲ್ಲ.

ರೂತಕ್ಕ ನಮ್ಮದೇ ಓಣಿಯವಳು, ನನಗಿಂತ ಎರಡು ವರ್ಷ ದೊಡ್ಡವಳು. ತವರುಮನೆ ಖಾನಾಪುರ ತಾಲೂಕಿನ ಬೀಡಿ. ಗಂಡ ಸಮುವೇಲಣ್ಣ ರೈಲ್ವೆಯಲ್ಲಿದ್ದವನು, ಮಾತು ಕಡಿಮೆ. ಆ ಮನೆಯಲ್ಲಿ ಇನ್ನೊಬ್ಬರು ಮಾತಾಡಲಿಕ್ಕೆ ಜಾಗವೂ ಇರಲಿಲ್ಲ ಬಿಡಿ. ರೂತಕ್ಕನ ಆರಾಧನೆ ಅಂದರೆ ಅರೆಬರೆಯಲ್ಲ. ನಿಂತರೆ ಕೈ ಎರಡೂ ಮೇಲೆ, ಕೂತರೆ ಕಣ್ಣಲ್ಲಿ ನೀರು, ಹಾಡಿದರೆ ತಗಡು ನಡುಗಬೇಕು. ಒಂದು ವರ್ಷ ಅವಳಿಗೆ ದೀಪ ಆರಬಾರದು ಎಂಬರ್ಥದ ಮಾತು ಬಂತು. ಪಡಸಾಲೆಯ ಬಲ್ಬು ಆ ವರ್ಷವಿಡೀ ಹಗಲೂ ಉರಿಯಿತು. ಇನ್ನೊಂದು ವರ್ಷ ಬೆಟ್ಟದ ಮಾತು ಬಂತು. ಪ್ರತಿ ಶನಿವಾರ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ಗುಡ್ಡ ಹತ್ತಿಸಿದಳು. ನನ್ನ ಎಡ ಮೊಣಕಾಲು ಇವತ್ತಿಗೂ ಆ ವಾಗ್ದಾನವನ್ನು ನೆನೆಸುತ್ತದೆ. ಮತ್ತೊಂದು ವರ್ಷ ಮುಂಜಾನೆಯನ್ನು ಎಬ್ಬಿಸುವ ಮಾತು. ಅಂದಿನಿಂದ ಬೆಳಗಿನ ಐದಕ್ಕೆ ಅವಳ ಅಂಗಳದಲ್ಲಿ ಹಾಡು ಶುರುವಾಯಿತು, ವರ್ಷ ಮುಗಿದರೂ ಹಾಡು ಮುಗಿಯಲಿಲ್ಲ. ಚೀಟಿ ಬೀಳುತ್ತಿದ್ದದ್ದು ಅವಳೊಬ್ಬಳ ಕೈಗೆ, ನಡೆಸುತ್ತಿದ್ದವರು ನಾವೆಲ್ಲರೂ.

ಆಮೇಲೆ ವಾದ್ಯಗಳಿಂದ ಸ್ತುತಿಸು ಎಂಬ ಮಾತು ಬಂತು ನೋಡಿ. ಮರುದಿನವೇ ಖಡೇಬಜಾರಿಗೆ ಹೋಗಿ ಒಂದು ದಮ್ಮಡಿ ತಂದಳು. ಗೆಜ್ಜೆ ತಟ್ಟೆಗಳಿರುವ ಆ ಚರ್ಮದ ಬಳೆ ನನ್ನ ಎಡಗಿವಿಯಿಂದ ಒಂದು ಗೇಣು ದೂರದಲ್ಲಿ ಬಡಿಯಲಾರಂಭಿಸಿತು. ಬೆಂಚು ಬದಲಿಸಿ ನೋಡಿದೆ. “ಟೀಚರ್, ಇಲ್ಲ್ಯಾಕ ಕುಂತೀರಿ, ಒಬ್ಬಾಕಿನ?” ಎಂದು ಅವಳೂ ಎದ್ದು ಬಂದಳು.

ಮನೆಮನೆ ಪ್ರಾರ್ಥನೆಯಲ್ಲಿ ಇನ್ನೂ ಕಷ್ಟ. ವಾರಕ್ಕೊಂದು ಮನೆಯಲ್ಲಿ ಕೂಡುತ್ತೇವೆ. ಪ್ರಾರ್ಥನೆಯಾದ ಮೇಲೆ ಊಟ. ರೂತಕ್ಕ ಕಣ್ಣು ಮುಚ್ಚಿದಳೆಂದರೆ ಅವಳ ಪ್ರಾರ್ಥನೆ ಅನಗೋಳದಿಂದ ಹೊರಟು, ಟಿಳಕವಾಡಿ ದಾಟಿ, ಖಾನಾಪುರದ ಬಸ್ಸು ಹಿಡಿದು, ಬೀಡಿಯಲ್ಲಿ ತಾಯಿ, ತಮ್ಮ, ಎಮ್ಮೆ ಎಲ್ಲರನ್ನೂ ಮಾತಾಡಿಸಿ, ದಿಲ್ಲಿಗೆ ಹೋಗಿ ಮಂತ್ರಿಗಳಿಗೆ ಬುದ್ಧಿ ಕೊಡಿಸಿ ಮರಳುವಷ್ಟರಲ್ಲಿ ಅನ್ನ ತಣ್ಣಗಾಗಿರುತ್ತಿತ್ತು. ದೇವರ ಜೊತೆ ಮಾತಾಡುವವಳಿಗೆ ಸಾಕು ಮಾಡು ಎಂದು ಯಾರು ಹೇಳಬೇಕು?

ದಮ್ಮಡಿ ಬಂದ ವರ್ಷದ ಡಿಸೆಂಬರಿನಲ್ಲಿ ಪ್ರಾರ್ಥನೆ ನಮ್ಮ ಮನೆಯಲ್ಲಿತ್ತು. ಮೂವತ್ತು ಜನ. ನಾನು ಬೆಳಗಿನಿಂದ ಅಡುಗೆ ಮಾಡಿ, ಇಸ್ತ್ರಿ ಮಾಡಿದ ಚಾದರ ಹಾಸಿ, ಎಲ್ಲ ಓರಣವಾಗಿಟ್ಟಿದ್ದೆ. ರೂತಕ್ಕನ ಪ್ರಾರ್ಥನೆ ದಿಲ್ಲಿಯಿಂದ ಮರಳಿ ನಮ್ಮ ಮನೆಗೆ ಬಂತು. “ಅಪ್ಪಾ, ತಂದೀ, ಸುಶೀಲಾ ಟೀಚರ್ ಮನಿ ಎಷ್ಟ ಚೊಲೋ ಐತಿ! ಆದ್ರ ಆಕಿ ಹೃದಯಾ ಕಲ್ಲಾಗೇತಪ್ಪಾ. ಒಂದ ದಿನಾ ಕೈ ಎತ್ತಲಿಲ್ಲ, ಒಂದ ಹನಿ ಕಣ್ಣೀರ ಹಾಕಲಿಲ್ಲ. ಆಕೀನ್ನ ಕರಗಸು ತಂದೀ, ಕರಗಸು!” ಎಂದು ನನ್ನ ಮನೆಯಲ್ಲೇ, ನನ್ನ ಚಾದರದ ಮೇಲೆ ಕೂತು ಗೋಳಾಡಿ ಅತ್ತಳು. ಮೂವತ್ತು ಜನ ಒಟ್ಟಿಗೇ ‘ಆಮೆನ್’ ಅಂದರು. ಅದರಲ್ಲಿ ನನ್ನ ಗಂಡನ ದನಿ ಎಲ್ಲರಿಗಿಂತ ದೊಡ್ಡದಿತ್ತು.

ಮೈಯೆಲ್ಲ ಉರಿದುಹೋಯಿತು. ಸಾರು ಬಡಿಸುವಾಗ ಅವಳ ತಟ್ಟೆಗೆ ಬೇಕೆಂದೇ ಬರೀ ತಿಳಿ ಹಾಕಿದೆ. ಅಷ್ಟಕ್ಕೆ ಮುಗಿದಿದ್ದರೆ — ಮುಗಿಯಲಿಲ್ಲ. ಯಾಕೆಂದರೆ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ನನಗೆ ಆರಾಧನೆಯಲ್ಲಿ ಎಂದೂ ಅಳು ಬಂದಿಲ್ಲ. ಕಣ್ಣು ಮುಚ್ಚಿದರೆ ಒಲೆಯ ಮೇಲಿನ ಹಾಲು ಕಾಣುತ್ತದೆ, ಮುಂದಿನ ಬೆಂಚಿನವಳ ಕುಪ್ಪಸದ ಹೊಲಿಗೆ ಬಿಟ್ಟದ್ದು ನೆನಪಾಗುತ್ತದೆ. ಅವಳಿಗೆ ಮಾತ್ರ ದೇವರು ಎದುರುಮನೆಯವನಷ್ಟು ಹತ್ತಿರ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕಿವಿನೋವು ಎಂದು ನಾನು ಹೆಸರಿಟ್ಟುಕೊಂಡಿದ್ದೆ, ಅಷ್ಟೇ.

ಆ ವರ್ಷ ಚೀಟಿ ಬರೆಯುತ್ತ ಕೂತಾಗ ಒಂದು ಮಾತು ಸಿಕ್ಕಿತು. ಸುಮ್ಮನಿದ್ದು ದೇವರನ್ನು ತಿಳಿದುಕೋ ಎಂಬರ್ಥದ ಮಾತು. ಬರೆದೆ. ನನ್ನ ಜನ್ಮದಲ್ಲಿ ಅಷ್ಟು ಚಂದವಾಗಿ ಏನನ್ನೂ ಬರೆದಿರಲಿಲ್ಲ. ಸುತ್ತಲೂ ನೀಲಿ ಶಾಯಿಯ ಬಳ್ಳಿ, ಮೂಲೆಗೊಂದು ಪಾರಿವಾಳ. ತಪ್ಪು ಮಾಡುವಾಗಲೂ ಡ್ರಾಯಿಂಗ್ ಟೀಚರೇ ನೋಡಿ ನಾನು.

ಹೊಸವರ್ಷದ ಬೆಳಿಗ್ಗೆ ತಟ್ಟೆ ಹಿಡಿದು ಹೊರಟೆ. ಆ ಚೀಟಿ ತಟ್ಟೆಯ ಅಂಚಿನಲ್ಲಿ, ನನ್ನ ಹೆಬ್ಬೆರಳಿನ ಕೆಳಗಿತ್ತು. ಒಬ್ಬೊಬ್ಬರೂ ಎತ್ತಿಕೊಂಡರು. ರೂತಕ್ಕನ ಮುಂದೆ ಬಂದೆ. ಅವಳು ಎಲ್ಲರ ಹಾಗೆ ಥಟ್ಟನೆ ಎತ್ತುವವಳಲ್ಲ. ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, “ಮಾತಾಡು ತಂದೀ, ಕೇಳಾಕತ್ತೇನಿ” ಎಂದು ನಿಂತಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು. ಅವಳ ಕೈ ನಿಧಾನ ಕೆಳಗಿಳಿಯಿತು, ತಟ್ಟೆಯ ಮೇಲೆ ತಡಕಾಡಿತು — ನಾನು ತಟ್ಟೆಯನ್ನು ಚೂರು ತಿರುಗಿಸಿದೆ, ಹೆಬ್ಬೆರಳಿನಿಂದ ಚೀಟಿಯನ್ನು ಅವಳ ಬೆರಳ ನಡುವೆ ದೂಡಿದೆ. ಹಿಡಿದುಕೊಂಡಳು. ಕಣ್ಣು ತೆರೆದು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಬೆಂಚಿನ ಮೇಲಿದ್ದ ದಮ್ಮಡಿಯನ್ನು ಗೆಜ್ಜೆ ಸದ್ದಾಗದ ಹಾಗೆ ಸೆರಗಿನಿಂದ ಒತ್ತಿ ಹಿಡಿದು ಬೆಂಚಿನ ಕೆಳಗಿಟ್ಟಳು.

ಅಯ್ಯೋ, ಆ ಮೊದಲ ತಿಂಗಳಿನ ಸುಖವನ್ನು ಮುಚ್ಚಿಟ್ಟರೆ ಇದೂ ಒಂದು ಸುಳ್ಳಾಗುತ್ತದೆ. ರೂತಕ್ಕ ಮನೆಯ ಮಾತು ಆಡುತ್ತಿದ್ದಳು, ಸಂತೆಯ ಮಾತು ಆಡುತ್ತಿದ್ದಳು. ಆದರೆ ಹಾಡಿಲ್ಲ, ಕೂಗಿ ಪ್ರಾರ್ಥನೆಯಿಲ್ಲ, ಒಂದು ‘ಆಮೆನ್’ ಕೂಡ ಇಲ್ಲ. ಪ್ರಾರ್ಥನೆ ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಅನ್ನದಿಂದ ಹಬೆ ಏಳುತ್ತಿತ್ತು. ಬೆಳಿಗ್ಗೆ ಏಳರವರೆಗೆ ಮಲಗಿದೆ. ದೇವರೇ, ನಿನಗೆ ಸ್ತೋತ್ರ ಎಂದು ನಿಜವಾಗಿ ಮನಸ್ಸಿನಿಂದ ಹೇಳಿದ್ದು ಬಹುಶಃ ಆ ತಿಂಗಳೇ.

ಮೊದಲು ತಕರಾರು ತಂದವಳು ಪಕ್ಕದ ಮನೆಯ ಗಂಗವ್ವ. ಲಿಂಗಾಯತರ ಹಿರಿಯ ಹೆಂಗಸು, ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡದೆ ನೀರು ಮುಟ್ಟುವವಳಲ್ಲ. ಗೋಡೆಯ ಆಚೆಯಿಂದ ಕೇಳಿದಳು: “ಟೀಚರ್, ನಿಮ್ಮ ರೂತವ್ವಗ ಏನಾಗೇತ್ರಿ? ಆಕಿ ಹಾಡ ಕೇಳೇ ನಾ ಏಳತಿದ್ದೆ. ಎರಡನೇ ಪದಕ್ಕ ಜಳಕಾ, ನಾಕನೇ ಪದಕ್ಕ ಪೂಜಿ. ಈಗ ದಿನಾ ಹೊತ್ತ ಏರೂಮಟ ಮಲಗತೇನಿ. ನನ್ನ ದೇವರು ಉಪಾಸ ಕುಂದರಾಕತ್ತಾನ. ನೀವರ ಆಕಿಗಿ ಹೇಳ್ರಿ.” ಹೇಳುತ್ತೇನೆ ಎಂದೆ.

ಸಭೆಯಲ್ಲಿ ಇನ್ನೊಂದು ಫಜೀತಿ. ಇಷ್ಟು ವರ್ಷ ನಾವು ಹಾಡುತ್ತಿದ್ದೆವು ಎಂದು ತಿಳಿದಿದ್ದೆವು. ಹಾಡುತ್ತಿದ್ದವಳು ರೂತಕ್ಕ, ನಾವು ಅವಳ ಹಿಂದೆ ಹೋಗುತ್ತಿದ್ದೆವು. ಈಗ ಹಾಡನ್ನು ಪಾಸ್ಟರ್ ತಾವೇ ಎತ್ತಿಕೊಂಡರು. ಎಲ್ಲೋ ಮೇಲಿನ ಶ್ರುತಿಗೆ ಶುರುಮಾಡುವರು. ಎರಡನೇ ಸಾಲಿಗೆ ಗಂಡಸರು ಕೈಬಿಡುವರು, ಮೂರನೇ ಸಾಲಿಗೆ ಹೆಂಗಸರು, ಪಲ್ಲವಿ ಬರುವಷ್ಟರಲ್ಲಿ ಪಾಸ್ಟರ್ ಒಬ್ಬರೇ ಕುತ್ತಿಗೆಯ ನರ ಉಬ್ಬಿಸಿಕೊಂಡು ನಿಂತಿರುವರು. ಮರುವಾರ ತಗ್ಗಿಸಿ ಎತ್ತಿದರು, ಹಾಡೆಲ್ಲ ಗೊಣಗಾಟವಾಯಿತು. ರೂತಕ್ಕ ತುಟಿ ಬಿಗಿಹಿಡಿದು ಕೂತಿರುತ್ತಿದ್ದಳು. ಕಾಲಿನ ಹೆಬ್ಬೆರಳು ಮಾತ್ರ ಚಪ್ಪಲಿಯೊಳಗೆ ತಾಳ ಹಾಕುತ್ತಿತ್ತು. ನಾನು ಕೆಳಗೆ ನೋಡುವುದನ್ನು ಬಿಟ್ಟೆ.

ಸುಗ್ಗಿಯ ಆರಾಧನೆಯಲ್ಲಿ ಜನ ತಂದ ಕಾಯಿಪಲ್ಲೆ, ಕೋಳಿ, ಜೋಳವನ್ನು ಸಭೆಯಲ್ಲೇ ಸವಾಲು, ಅಂದರೆ ಹರಾಜು, ಹಾಕುತ್ತಾರೆ. ಬೇಕಾದವರು ಕೂಗಿ ಕೊಳ್ಳಬೇಕು. ಬಾಯಿ ತೆರೆಯಲಾಗದ ರೂತಕ್ಕನಿಗೆ ಆ ದಿನದ ಖುಷಿ ತಡೆಯಲಾಗಲಿಲ್ಲ. ಆಗಾಗ ಎರಡೂ ಕೈ ಮೇಲೆತ್ತುತ್ತಿದ್ದಳು, ಸ್ತುತಿಗಾಗಿ. ಸವಾಲು ಕೂಗುವವನು ಅದನ್ನು ಲೆಕ್ಕಕ್ಕೆ ಹಿಡಿದ. ಕೊನೆಗೆ ಮೂರು ಕುಂಬಳಕಾಯಿ, ಒಂದು ಹುಂಜ ಅವಳ ಪಾಲಿಗೆ ಬಂದವು. ಸಮುವೇಲಣ್ಣ ಹುಂಜವನ್ನು ಬಗಲಲ್ಲಿ ಹಿಡಿದುಕೊಂಡು, “ಟೀಚರ್, ಮುಂದಿನ ವರ್ಷ ಕೈ ಕಟ್ಟಕೊಂಡ ಕುಂದ್ರು ಅನ್ನೂ ಮಾತ ಏನರ ಇದ್ರ ಬರೀರಿ” ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳನ್ನು ಮಾತಿನಲ್ಲೇ ಬಿಡಿಸಲು ನೋಡಿದೆ. “ಸುಮ್ಮನಿರೂದಂದ್ರ ಮನಸ್ಸಿನಾಗ ಅಕ್ಕಾ, ಬಾಯಿಗಿ ಅಲ್ಲ” ಎಂದೆ. ರೂತಕ್ಕ ಚೀಟಿ ತೆಗೆದು ನನ್ನ ಮುಂದೆ ಹಿಡಿದಳು. “ಮನಸ್ಸಿನಾಗ ಅಂತ ಬರ್ದಿಲ್ಲಲ್ರಿ ಟೀಚರ್. ನೀವ ಬರ್ದೀರಿ, ನೀವ ನೋಡ್ರಿ.” ನೋಡಿದೆ. ನನ್ನ ಪಾರಿವಾಳ ನನ್ನನ್ನೇ ನೋಡುತ್ತಿತ್ತು.

ಇಲ್ಲಿಯವರೆಗಿನದನ್ನು ನಾನು ಯಾರಿಗಾದರೂ ನಗುತ್ತ ಹೇಳಬಲ್ಲೆ. ಇನ್ನು ಮುಂದಿನದಕ್ಕಾಗಿಯೇ ಈ ಕಾಗದ.

ಮಳೆಗಾಲ ಮುಗಿಯುತ್ತ ಬಂದಾಗ ಬೀಡಿಯಿಂದ ಸುದ್ದಿ ಬಂತು, ರೂತಕ್ಕನ ತಾಯಿ ಸಾರವ್ವ ಹಾಸಿಗೆ ಹಿಡಿದಿದ್ದಾಳೆ ಎಂದು. ಜೊತೆಗೆ ನಾನೂ ಹೋದೆ. ನಾನು ಬರುತ್ತೇನೆಂದಾಗ ರೂತಕ್ಕನಿಗೆ ಆದ ಸಮಾಧಾನ ನೋಡಲಾಗಲಿಲ್ಲ. ಖಾನಾಪುರದಲ್ಲಿ ಬಸ್ಸು ಬದಲಿಸಿದೆವು. ಕನ್ನಡ ಮರಾಠಿ ಎರಡೂ ಕೂಡಿ ಕೂಗುವ ಗದ್ದಲದಲ್ಲಿ ಅವಳು ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. ಬಸ್ಸು ಕುಲುಕಿದಾಗಲೆಲ್ಲ ಚೀಲದೊಳಗಿನಿಂದ ಗೆಜ್ಜೆ ಸದ್ದು ಬರುತ್ತಿತ್ತು. ಬಾರಿಸಲಾಗದ ದಮ್ಮಡಿಯನ್ನು ಅವಳು ತಂದಿದ್ದಳು.

ಸಾರವ್ವನಿಗೆ ಎಂಬತ್ತು ದಾಟಿತ್ತು. ಕಿವಿ ಮುಚ್ಚಿಹೋಗಿ ಎಷ್ಟೋ ವರ್ಷವಾಗಿತ್ತು. ಮಾತು ಕೇಳಿಸುತ್ತಿರಲಿಲ್ಲ, ಓದು ಬರುತ್ತಿರಲಿಲ್ಲ. ಮಗಳು ಪಕ್ಕದಲ್ಲಿ ಕೂತು ಎದೆ ತುಂಬ ಹಾಡಿದರೆ ಮಾತ್ರ ಅದು ಅವಳಿಗೆ ಮುಟ್ಟುತ್ತಿತ್ತು. ರೂತಕ್ಕ ಅಷ್ಟು ದೊಡ್ಡ ದನಿ ತೆಗೆಯುವುದು ಯಾಕೆಂದು ನನಗೆ ಅವತ್ತು ಗೊತ್ತಾಯಿತು. ಅದೇ ದನಿ ರೂಢಿಯಾಗಿ ನಮ್ಮ ಸಭೆಗೂ ಬಂದಿತ್ತು. ನನ್ನ ಎಡಗಿವಿ ಸಹಿಸದೆ ಹೋದದ್ದು, ಒಬ್ಬ ಮಗಳು ಕಿವುಡು ತಾಯಿಗೆ ಕೇಳಿಸಲೆಂದು ಬೆಳೆಸಿಕೊಂಡ ದನಿಯನ್ನು.

ಮಗಳ ಮುಖ ಕಂಡೊಡನೆ ಮುದುಕಿ ಕೈ ಚಾಚಿದಳು. “ಬಂದೇನ ರೂತಾ? ಹಾಡ ಬೇ. ಒಂದ ಪದಾ ಹಾಡ.”

ರೂತಕ್ಕ ತಾಯಿಯ ಕೈ ಹಿಡಿದುಕೊಂಡಳು, ಹಾಡಲಿಲ್ಲ. ಕಿವಿಯ ಹತ್ತಿರ ಬಾಗಿ ಚೀಟಿಯ ಕಥೆ ಹೇಳಿದಳು, ಕೇಳಿಸಲಿಲ್ಲ. ಚೀಟಿ ತೋರಿಸಿದಳು; ಮುದುಕಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಹಕ್ಕಿ ಚೊಲೋ ಐತಿ” ಎಂದು ಮರಳಿ ಕೊಟ್ಟಳು. ಆಮೇಲೆ ಕೇಳಿದಳು: “ಹೊಲಾ ತಮ್ಮನ ಹೆಸರ್ಲೆ ಬರಸೇನಂತ ಇನ್ನೂ ಸಿಟ್ಟೇನ ಬೇ ನನ್ನ ಮ್ಯಾಲ?”

ರೂತಕ್ಕ ಇಲ್ಲವೆಂದು ತಲೆ ಅಲ್ಲಾಡಿಸಿದಳು, ಅಲ್ಲಾಡಿಸುತ್ತಲೇ ಇದ್ದಳು. ತಾಯಿಯ ಕಾಲು ಹಿಡಿದಳು, ಮುದುಕಿ ನಂಬಿದ ಹಾಗೆ ಕಾಣಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು. ಆ ಮುಖ — ಬೇಡ. ಅವಳು ಕೇಳಿದ್ದನ್ನಷ್ಟೇ ಬರೆಯುತ್ತೇನೆ. “ಟೀಚರ್, ನಿಮಗ ಹೆಚ್ಚ ತಿಳಿತೈತಿ. ಹೇಳ್ರಿ. ಈಗ ಹಾಡಿದ್ರ ನಡಿತೈತೇನ್ರಿ?”

ನಾನು ‘ಹೂಂ’ ಅನ್ನಬೇಕಿತ್ತು. ಒಂದೇ ಅಕ್ಷರ. ಅಂದಿದ್ದರೆ, ನಿಮಗ ಹೆಂಗ ಗೊತ್ತ್ರಿ ಎಂದು ಅವಳು ಕೇಳಬಹುದಿತ್ತು, ಆಗ ನಾನು ಹೇಳಬೇಕಾಗುತ್ತಿತ್ತು, ಹೇಳಿದ್ದು ಅನಗೋಳದ ತನಕ ಬರುತ್ತಿತ್ತು. ಮುಂದಿನ ಭಾನುವಾರ ಯಾವ ಮುಖ ಹೊತ್ತು ಬೆಂಚಿನಲ್ಲಿ ಕೂರಲಿ? — ಇಷ್ಟೆಲ್ಲವನ್ನೂ ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಯೋಚಿಸಿದೆ. ಯೋಚಿಸಿ ಹೇಳಿದೆ: “ದೇವರು ನಿನಗ ಕೊಟ್ಟ ಮಾತೈತಿ ಅಕ್ಕಾ. ನಾ ಹೆಂಗ ಹೇಳ್ಲಿ?”

ಹೆಬ್ಬೆರಳಿನಿಂದ ಮಾಡಿದ್ದು ಸಣ್ಣ ತಪ್ಪು. ಇದು ದೊಡ್ಡದು. ಇದನ್ನು ನಾನು ಬಾಯಾರೆ ಮಾಡಿದೆ.

ಅವಳ ಬದಲು ನಾನೇ ಹಾಡಲು ಶುರುಮಾಡಿದೆ. ನನ್ನ ದನಿಯ ವಿಷಯ ನಮ್ಮ ಮನೆಯವರು ಮಾತಾಡುವುದಿಲ್ಲ, ಅಷ್ಟು ಹೇಳಿದರೆ ಸಾಕು. ಸಾರವ್ವನಿಗೆ ಕೇಳಿಸಲೆಂದು ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ. ಹಿತ್ತಲಿನ ಎಮ್ಮೆ ಉತ್ತರ ಕೊಟ್ಟಿತು. ಸಾರವ್ವ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿ ಮಗನಿಗೆ ಹೇಳಿದಳು: “ಇಕಿ ಯಾರೋ? ಪಾಪ, ಏನೋ ತ್ರಾಸ ಆಗೇತಿ ಇಕಿಗಿ. ಚಾ ಕೊಟ್ಟ ಕಳಸ್ರಿ.” ರೂತಕ್ಕನ ತಮ್ಮ ನಗು ತಡೆಯಲಾಗದೆ ಹೊರಗೆ ಓಡಿದ. ನನಗೆ ಚಹಾ ಬಂತು. ಕುಡಿದೆ.

ಮರಳುವ ಬಸ್ಸಿನಲ್ಲಿ ರೂತಕ್ಕ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. “ಅಕ್ಕಾ” ಎಂದೆ. ಏಳಲಿಲ್ಲ. ಎಬ್ಬಿಸಬಹುದಿತ್ತು. ಅಲ್ಲಿಂದಲೇ ಹೊರಳಿ ಇನ್ನೊಂದು ಬಸ್ಸು ಹಿಡಿದಿದ್ದರೂ ಒಂದು ತಾಸಿನಲ್ಲಿ ಬೀಡಿಗೆ ಮುಟ್ಟುತ್ತಿದ್ದೆವು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಎರಡು ವಾರಕ್ಕೆ ಸಾರವ್ವ ತೀರಿಕೊಂಡಳು. ಮಣ್ಣು ಮಾಡುವಾಗ ಪಾಸ್ಟರ್ ಹಾಡನ್ನು ಎಂದಿನಂತೆ ಮೇಲೆ ಎತ್ತಿದರು, ನಡುವೆ ನಿಂತುಹೋಯಿತು. ರೂತಕ್ಕ ಮಣ್ಣು ಹಿಡಿದ ಮುಷ್ಟಿಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅದು ಹೊರಗೆ ಬರುವ ಹಾಡನ್ನು ತಡೆಯುವುದಕ್ಕೆ. ಬೇರೆ ಯಾರಿಗೂ ಗೊತ್ತಾಗಲಿಲ್ಲ.

ಹೊಸವರ್ಷ ಬಂತು. ನಾನು ತಟ್ಟೆಯನ್ನು ಎರಡೂ ಕೈಯಿಂದ, ಹೆಬ್ಬೆರಳು ಕೆಳಗೆ ಮಡಚಿ, ಅಲುಗಾಡದೆ ಹಿಡಿದೆ. ರೂತಕ್ಕ ಎತ್ತಿದಳು. ಕುರಿ, ಹುಲ್ಲುಗಾವಲು — ಅಂಥದ್ದೇನೋ ಬಂತು. ಎರಡು ಸಲ ಓದಿದಳು, ಹಿಂದೆ ಮುಂದೆ ತಿರುಗಿಸಿದಳು. “ಹಾಡಬ್ಯಾಡಂತ ಬರ್ದಿಲ್ಲಲ್ರಿ?” ಎಂದು ನನ್ನನ್ನೇ ಕೇಳಿದಳು. “ಇಲ್ಲ ಅಕ್ಕಾ, ಇಲ್ಲ” ಎಂದೆ. ಚೀಲದಿಂದ ದಮ್ಮಡಿ ಹೊರಗೆ ಬಂತು. ಪಾಸ್ಟರ್ ಇನ್ನೂ ಎಲ್ಲರಿಗೂ ಚೀಟಿ ಹಂಚಿ ಮುಗಿಯಲಿ ಎನ್ನುತ್ತಿದ್ದರು, ಯಾರು ಕೇಳುತ್ತಾರೆ? ಇಡೀ ಸಭೆ ಅವಳ ಹಿಂದೆ ಎದ್ದು ನಿಂತು ಹಾಡಿತು. ನನಗೆ ಅವತ್ತು ಮೊದಲ ಸಲ ಆರಾಧನೆಯಲ್ಲಿ ಅಳು ಬಂತು. ರೂತಕ್ಕ ಅದನ್ನು ನೋಡಿ, ತನ್ನ ಹಳೆಯ ಪ್ರಾರ್ಥನೆಗೆ ಉತ್ತರ ಸಿಕ್ಕಿತೆಂದು ನನ್ನನ್ನು ಅಪ್ಪಿಕೊಂಡು ‘ಹಲ್ಲೆಲೂಯಾ’ ಎಂದು ಕೂಗಿದಳು. ನಾಚಿಕೆಯಿಂದ ಸತ್ತೆ.

ಆಮೇಲೆ ಹತ್ತು ವರ್ಷ. ವರ್ಷಕ್ಕೊಮ್ಮೆ ಸಾಕ್ಷಿಯ ಭಾನುವಾರ ಬರುತ್ತದೆ. ದೇವರು ತನ್ನ ಬಾಳಿನಲ್ಲಿ ಏನು ಮಾಡಿದನೆಂದು ಒಬ್ಬೊಬ್ಬರೂ ಎದ್ದು ಹೇಳುವ ದಿನ. ರೂತಕ್ಕ ಪ್ರತಿ ಸಲ ಆ ನೀಲಿ ಬಳ್ಳಿಯ ಚೀಟಿ ಹಿಡಿದು ನಿಲ್ಲುತ್ತಾಳೆ. “ಒಂದ ವರ್ಷ ದೇವರು ನನ್ನ ಬಾಯಿ ಮುಚ್ಚಿದಾ. ನಮ್ಮವ್ವ, ನಾ ಸಿಟ್ಟಾಗೇನಂತ ತಿಳಕೊಂಡ ಹೋದ್ಲು. ಯಾಕ ಹಂಗ ಮಾಡಿದಾ, ನನಗ ಗೊತ್ತಿಲ್ಲ. ಆದ್ರೂ ಅವನ ಮಾತ ನಾ ಮೀರಲಿಲ್ಲ.” ಅಷ್ಟು ಹೇಳಿ ಕೂರುತ್ತಾಳೆ, ನನ್ನ ಪಕ್ಕದಲ್ಲಿ. ಎಲ್ಲರೂ ಆಮೆನ್ ಎನ್ನುತ್ತಾರೆ. ಹತ್ತು ಸಲ ನಾನೂ ಎಂದಿದ್ದೇನೆ.

ಕೆಲವರು ಅವಳನ್ನು ಸಮಾಧಾನ ಮಾಡಿದ್ದುಂಟು: ಆ ವರ್ಷ ಸುಮ್ಮನಿದ್ದದ್ದರಿಂದಲೇ ತಾಯಿಯ ಕೊನೆಯ ಮಾತುಗಳನ್ನು ಕೇಳಿಸಿಕೊಳ್ಳಲಾಯಿತು, ಅದೂ ದೇವರ ಉಪಾಯವೇ ಎಂದು. ನಾನೂ ಒಂದೆರಡು ವರ್ಷ ಆ ಮಾತಿನ ಕೆಳಗೆ ಹೊಕ್ಕು ಕೂತಿದ್ದೆ. ಆಗಲಿಲ್ಲ. ದೇವರು ಏನು ಬೇಕಾದರೂ ಮಾಡಿಕೊಳ್ಳಲಿ; ಹೆಬ್ಬೆರಳು ನನ್ನದು.

ಮೊನ್ನೆ ಮಂಗಳವಾರ ರೂತಕ್ಕ ನಮ್ಮ ಮನೆಗೆ ಬಂದಳು. ಈಗ ಅವಳಿಗೆ ನಡೆದರೆ ದಮ್ಮು ಬರುತ್ತದೆ, ಹಾಡಿದರೆ ಬರುವುದಿಲ್ಲ. ಕೂತು ನೀರು ಕುಡಿದು, ಪುಸ್ತಕದಿಂದ ಆ ನೀಲಿ ಬಳ್ಳಿಯ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಮಡಿಕೆಯಲ್ಲಿ ಹರಿಯಲಾರಂಭಿಸಿತ್ತು. “ಟೀಚರ್, ಟಿಳಕವಾಡಿಗಿ ಹೋದಾಗ ಇದಕ್ಕ ಪ್ಲಾಸ್ಟಿಕ್ ಹೊಚ್ಚಿಸ್ಕೊಂಡ ಬರ್ರಿ. ನಾ ಹೋದಿಂದ ನನ್ನ ಪೆಟಗ್ಯಾಗ ಇದನ್ನ ಇಡಾಕ ಹೇಳೇನಿ. ಮಣ್ಣಾಗ ಕೆಡಬಾರ್ದು ನೋಡ್ರಿ.”

“ಯಾಕ ಅಕ್ಕಾ?” ಎಂದೆ.

“ಮ್ಯಾಲ ಹೋದ ಮ್ಯಾಲ ಕೈಯಾಗ ಹಿಡದ ತೋರಸತೇನಿ. ತಂದೀ, ಇದು ನೀ ಕೊಟ್ಟ ಮಾತು, ಹೌದಿಲ್ಲೊ? ನಮ್ಮವ್ವ ಕೇಳೂ ಮುಂದ ಯಾಕ ಹಿಂಗ ಮಾಡಿದಿ, ಹೇಳು ಅಂತೇನಿ. ಕಾಗದಾ ಪತ್ರಾ ಇಲ್ಲದ ಮಾತಾಡಬಾರ್ದ್ರಿ, ದೊಡ್ಡವರ ಮುಂದ.” ಹೇಳಿ ನಕ್ಕಳು. ಪೂರ್ತಿ ನಗೆಯಲ್ಲ ಅದು.

ದೇವರ ಮೇಲೆ ಅವಳ ಎದೆಯಲ್ಲಿ ಹನ್ನೊಂದು ವರ್ಷದಿಂದ ಒಂದು ದೂರು ಕೂತಿದೆ. ತಾನು ಇಷ್ಟು ಪ್ರೀತಿಸುವವನನ್ನೇ ಅವಳು ಅನುಮಾನಿಸುತ್ತಿದ್ದಾಳೆ, ದಿನಾ ಬೆಳಿಗ್ಗೆ ಐದಕ್ಕೆ ಆ ಅನುಮಾನವನ್ನೂ ಇಟ್ಟುಕೊಂಡೇ ಅವನಿಗೆ ಹಾಡುತ್ತಿದ್ದಾಳೆ. ದೇವರು ಒಂದು ಮಾತೂ ಆಡದೆ ನನ್ನ ಹೆಸರನ್ನು ಮುಚ್ಚಿಟ್ಟುಕೊಂಡಿದ್ದಾನೆ. ಅವಳು ಅಲ್ಲಿಗೆ ಹೋಗಿ ಆ ಚೀಟಿ ಹಿಡಿದರೆ — ಅದು ಯಾರ ಅಕ್ಷರವೆಂದು ಅಲ್ಲಿ ಗುರುತಾಗದೆ ಇರುತ್ತದೆಯೇ?

ಬುಧವಾರ ಟಿಳಕವಾಡಿಗೆ ಹೋಗುವ ಮೊದಲು ನಿಬ್ಬು ತೊಳೆದು, ಅದೇ ನೀಲಿ ಶಾಯಿಯಲ್ಲಿ, ಚೀಟಿಯ ಹಿಂದೆ ಬರೆದೆ. ಈ ಸಲ ಬಳ್ಳಿಯಿಲ್ಲ, ಪಾರಿವಾಳವಿಲ್ಲ. “ಇದನ್ನು ನಿನಗೆ ಕೊಟ್ಟವನು ದೇವರಲ್ಲ. ನಿನ್ನ ಹಾಡು ನಿಲ್ಲಿಸಲೆಂದು ಬೇಕಂತಲೇ ನಿನ್ನ ಕೈಗೆ ದೂಡಿದವಳು ನಾನು. ಬೀಡಿಯಲ್ಲಿ ನೀನು ಕೇಳಿದಾಗಲೂ ಬಾಯಿ ಬಿಡಲಿಲ್ಲ. ಅವನನ್ನು ಕೇಳಬೇಡ, ನನ್ನನ್ನು ಕೇಳು — ಸುಶೀಲಾ.” ಅಕ್ಷರಗಳು ಅಲ್ಲಲ್ಲಿ ಡೊಂಕಾದವು.

ಅಂಗಡಿಯವನು ಚೀಟಿ ತಿರುಗಿಸಿ ನೋಡಿದ. “ಅಕ್ಕಾರ, ಹಿಂದ ಏನೋ ಬರದೈತ್ರಿ. ಒಮ್ಮೆ ಪ್ಲಾಸ್ಟಿಕ್ ಬಿತ್ತಂದ್ರ ಅಳಸಾಕ ಬರೂದಿಲ್ಲ. ಹಂಗ ಹಾಕ್ಲೇನ್ರಿ?”

“ಹಾಕಪ್ಪಾ” ಎಂದೆ.

ಅದು ಯಂತ್ರದಿಂದ ಬಿಸಿಬಿಸಿಯಾಗಿ ಹೊರಗೆ ಬಂತು. ಈಗ ನನ್ನ ಮುಂದಿದೆ. ನಾಳೆ ಬೆಳಿಗ್ಗೆ ಇದನ್ನು ತೆಗೆದುಕೊಂಡು ಅವಳ ಅಂಗಳಕ್ಕೆ ಹೋಗುತ್ತೇನೆ. ಓದಿ ಅವಳು ಬೈಯಬಹುದು, ಅಳಬಹುದು, ಬಾಗಿಲು ಹಾಕಿಕೊಳ್ಳಬಹುದು. ನನ್ನ ಪಕ್ಕದಲ್ಲಿ ಇನ್ನೆಂದೂ ಕೂರದಿರಬಹುದು. ಅದಕ್ಕೆಲ್ಲ ಅವಳಿಗೆ ಹಕ್ಕಿದೆ. ನಾನು ಐದಕ್ಕೆ ಮುಂಚೆಯೇ ಹೋಗಿ ಬೇಲಿಯ ಹೊರಗೆ ನಿಲ್ಲುತ್ತೇನೆ. ಅವಳು ಹಾಡುತ್ತಿರುತ್ತಾಳೆ. ನಡುವೆ ಕರೆಯುವುದಿಲ್ಲ. ಎಷ್ಟು ಉದ್ದದ ಹಾಡಾದರೂ ಸರಿ, ಅದು ಮುಗಿಯುವ ತನಕ ಕಾಯುತ್ತೇನೆ.